ಮಸ್ಕತ್ತಿಗೆ ಹೋದ ಫೋಟೋ

ಹಡಗಲಿಯಿಂದ ಮಾಗಳದ ಬಸ್ಸು ಹತ್ತಿ, ನಡುವೆ ಜಾಲಿಗಿಡಗಳ ಹತ್ತಿರ ಇಳಿದು, ಹೊಳೆಯ ಕಡೆಗೆ ಸ್ವಲ್ಪ ನಡೆದರೆ ನಮ್ಮೂರು ಸಿಗುತ್ತದೆ. ಆ ಕಾಲದಲ್ಲಿ ಊರು ಸಿಗುವುದಕ್ಕೂ ಮೊದಲು ಕೊಟ್ರಬಸಪ್ಪನವರು ಸಿಗುತ್ತಿದ್ದರು. ಊರಬಾಗಿಲ ಅಗಸಿಗೆ ಹತ್ತಿಕೊಂಡೇ ಅವರ ಮನೆ, ಮನೆಯ ಮುಂದೆ ಕಟ್ಟೆ, ಕಟ್ಟೆಯ ಮೇಲೆ ಅವರು. ದನ ಎಣಿಸುವವರು, ಮಲೇರಿಯಾದವರು, ಎಮ್ಮೆ ಸಾಲದವರು, ಯಾರೇ ಬರಲಿ, ಆ ಕಟ್ಟೆ ದಾಟಿ ಊರೊಳಗೆ ಹೋದದ್ದು ಕಡಿಮೆ. ಊರಿನ ಬಗ್ಗೆ ಏನು ಕೇಳಿದರೂ ಕೊಟ್ರಬಸಪ್ಪನವರು ಹೇಳುತ್ತಿದ್ದರು. ಕೇಳದೆ ಇದ್ದರೂ ಹೇಳುತ್ತಿದ್ದರು.

ಅವರು ಒಂದು ಅವಧಿಗೆ ಪಂಚಾಯ್ತಿ ಚೇರ್ಮನ್ ಆಗಿದ್ದರು. ಮುಂದಿನ ಚುನಾವಣೆಯಲ್ಲಿ ಸೋತರು. ಸೋತ ಸುದ್ದಿ ಅವರೊಬ್ಬರನ್ನು ಬಿಟ್ಟು ಊರಿಗೆಲ್ಲ ಮುಟ್ಟಿತು. ಆಮೇಲೂ ಎಲ್ಲೆಂದರಲ್ಲಿ ‘ಕೊಟ್ರಬಸಪ್ಪ, ಚೇರ್ಮನ್’ ಎಂದೇ ಸಹಿ ಮಾಡುತ್ತಿದ್ದರು. ಗಿರಣಿಯ ಗಾದಿಲಿಂಗಪ್ಪ ಒಮ್ಮೆ ಧೈರ್ಯ ಮಾಡಿ, “ಮುಂದ ಮಾಜಿ ಅಂತ ಒಂದು ಸೇರಸ್ರೆಲ್ಲ” ಎಂದಿದ್ದ. ಅದಕ್ಕೆ ಅವರು, “ಹೆಂಡ್ತಿ ಇರೋತನ ಗಂಡನ್ನ ಮಾಜಿ ಅಂತಾರೇನಲೇ? ಊರು ಇನ್ನಾ ಐತಿ, ನಾನೂ ಅದೀನಿ” ಎಂದು ಬಾಯಿ ಮುಚ್ಚಿಸಿದ್ದರು.

ಸಹಿ ಮಾತ್ರ ನೋಡುವಂಥದ್ದೇ. ಮೊದಲು ಟೋಪಿ ಸರಿಮಾಡಿಕೊಳ್ಳುವರು. ಆಮೇಲೆ ಪೆನ್ನನ್ನು ಗಾಳಿಯಲ್ಲಿ ಎರಡು ಸುತ್ತು ತಿರುಗಿಸಿ, ಮಗ್ಗದವನು ಲಾಳಿ ಎಸೆದಂತೆ ಒಮ್ಮೆಗೇ ಕಾಗದದ ಮೇಲೆ ಬಿಡುವರು. ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಶಾಲೆಗೆ ಮಗು ಸೇರಿಸುವವರು, ಕಳೆದ ಎಮ್ಮೆಯ ಬಗ್ಗೆ ದೂರು ಕೊಡುವವರು, ಎಲ್ಲರಿಗೂ ಆ ಸಹಿ ಬಿಟ್ಟಿ ಸಿಗುತ್ತಿತ್ತು. ಬೇಡವೆಂದವರಿಗೂ ಸಿಗುತ್ತಿತ್ತು. ಹಾಕಿದ ಸಹಿಯನ್ನು ಅವರು ಹಿಂದಕ್ಕೆ ತೆಗೆದುಕೊಂಡದ್ದು ಒಂದೇ ಒಂದು ಸಲ. ಅದು ಕುರಿ ಪಾಲಮ್ಮನ ಮೊಮ್ಮಗುವಿನ ಪಾಸ್‌ಪೋರ್ಟಿನ ಕಾಲಕ್ಕೆ.

ಆ ಕಥೆಗೆ ಹೋಗುವ ಮೊದಲು ಅವರ ಪಡಸಾಲೆಯ ಗೋಡೆಯನ್ನೊಮ್ಮೆ ನೋಡಿಬಿಡಬೇಕು. ಗೋಡೆಯ ತುಂಬ ಫೋಟೋಗಳು. ಮಂತ್ರಿಗಳಿಗೆ ಹಾರ ಹಾಕುತ್ತಿರುವ ಕೊಟ್ರಬಸಪ್ಪನವರು. ಮಂತ್ರಿಗಳ ಮುಖ ಹಾರದ ಹಿಂದೆ, ಇವರ ಮುಖ ಪೂರ್ತಿ ಕಾಣುವಂತೆ. ಸೊಸೈಟಿಯ ಬಾಗಿಲಿನ ರಿಬ್ಬನ್ನು, ಕೊಟ್ರಬಸಪ್ಪನವರು. ಹೊಸ ಟ್ರ್ಯಾಕ್ಟರು, ಕೊಟ್ರಬಸಪ್ಪನವರು. ಇವೆಲ್ಲದರ ನಡುವೆ, ಮಬ್ಬಾಗಿ ಕಂದುಬಣ್ಣಕ್ಕೆ ತಿರುಗಿದ ಒಂದು ಹಳೆಯ ಫೋಟೋ ಇತ್ತು. ಪರಕಾರ ಉಟ್ಟ ಪುಟ್ಟ ಹುಡುಗಿ ನಿಂತಿದ್ದಾಳೆ, ಹಿಂದೆ ಕನ್ನಡಿ, ಕನ್ನಡಿಯಲ್ಲಿ ಅವಳ ಮೊಗ್ಗಿನ ಜಡೆ. ಯಾರೆಂದು ಕೇಳಿದರೆ, “ನಮ್ಮ ಮನಿದು, ಹಳೇದು” ಎಂದಷ್ಟೇ ಹೇಳಿ ಟ್ರ್ಯಾಕ್ಟರಿನ ಕಡೆಗೆ ಕೈ ತೋರಿಸುತ್ತಿದ್ದರು.

ಇನ್ನು ಪಾಲಮ್ಮ. ಕುರಿ ಕಾಯುವ ಮನೆತನ, ಮೈಲಾರಲಿಂಗನ ಒಕ್ಕಲು. ಹುಟ್ಟಿದ್ದು, ಕೊಟ್ಟದ್ದು ಎರಡೂ ನಮ್ಮೂರಲ್ಲೇ. ಕೊಟ್ರಬಸಪ್ಪನವರಿಗಿಂತ ಆರೇಳು ವರ್ಷಕ್ಕೆ ದೊಡ್ಡವಳು. ಮಗಳು ಜಂಬಕ್ಕ ಏಳನೇ ಕ್ಲಾಸಿನವರೆಗೆ ಓದಿ, ಗಂಡನೊಡನೆ ತಾಯಿಯ ಮನೆಯಲ್ಲೇ ಉಳಿದು, ಮಲ್ಲಿಗೆ ತೋಟ ಮಾಡಿಕೊಂಡಿದ್ದಳು. ಮಗ ಮೈಲಪ್ಪ ಹಡಗಲಿಯ ದನದ ದವಾಖಾನೆಯಲ್ಲಿ ಸೂಜಿ ಕುದಿಸುತ್ತ ಕುದಿಸುತ್ತ ಸೂಜಿ ಹಾಕುವುದನ್ನೂ ಕಲಿತ. ಯಾರೋ ಏಜೆಂಟನ ಕಣ್ಣಿಗೆ ಬಿದ್ದು, ಎಪ್ಪತ್ತೆಂಟರಲ್ಲಿ ಮಸ್ಕತ್ತಿನ ಒಂದು ದೊಡ್ಡ ಕುರಿ ಫಾರ್ಮಿಗೆ ಕೆಲಸಕ್ಕೆ ಹೋದ.

ಅಲ್ಲಿ ಒಂದು ಟಗರು ಗುಮ್ಮಿ ಅವನ ಕೈ ಮುರಿಯಿತು. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದ ನರ್ಸು ಲಂಕೆಯವಳು, ಬುದ್ಧನಿಗೆ ಹೂ ಇಡುವವಳು, ಹೆಸರು ಕುಸುಮಾ. ಅವಳಿಗೆ ಕನ್ನಡ ಬಾರದು, ಅವನಿಗೆ ಸಿಂಹಳ ಬಾರದು, ಇಂಗ್ಲಿಷು ಇಬ್ಬರಿಗೂ ಅರ್ಧರ್ಧ ಬರುತ್ತಿತ್ತು. ಎರಡು ಅರ್ಧ ಸೇರಿ ಒಂದು ಮದುವೆಯಾಯಿತು.

ಸುದ್ದಿಯ ಪತ್ರವನ್ನು ಜಂಬಕ್ಕ ಓದಿ ಹೇಳಿದಾಗ ಪಾಲಮ್ಮ ಕುರಿಯ ಕಾಲಿನ ಮುಳ್ಳು ತೆಗೆಯುತ್ತ ಕುಳಿತಿದ್ದಳು.

“ಲಂಕಾ ಅಂದ್ರ ಸೀತವ್ವನ್ನ ಒಯ್ದು ಇಟ್ಟಿದ್ರಲ್ಲ, ಅದ ಊರೇನು?”

“ಹೂನಬೇ, ಅದ.”

ಪಾಲಮ್ಮ ಮುಳ್ಳು ಕಿತ್ತು, ಕುರಿಯನ್ನು ಬಿಟ್ಟು, ಒಂದು ಗಳಿಗೆ ಯೋಚಿಸಿದಳು. “ಆವಾಗ ಅವ್ರು ನಮ್ಮಾಕಿನ್ನ ಒಯ್ದಿದ್ರು, ಈಗ ನಾವು ಅವ್ರಾಕಿನ್ನ ತಂದ್ವಿ. ಚುಕ್ತಾ ಆತು ಬಿಡು. ಹೆಸರು ಹೆಂಗೂ ನಮ್ಮದೈತಿ.”

ಸುದ್ದಿ ಕಟ್ಟೆಗೆ ಮುಟ್ಟಿದ ಕೂಡಲೇ ಕೊಟ್ರಬಸಪ್ಪನವರು ಒಂದು ಹಾಳೆ ತೆಗೆದು, ‘ಮೈಲಪ್ಪನು ಲಂಕಾ ದೇಶದ ಕನ್ಯೆಯನ್ನು ವಿವಾಹವಾದುದಕ್ಕೆ ಈ ಊರಿನ ವತಿಯಿಂದ ಯಾವ ಆಕ್ಷೇಪಣೆಯೂ ಇರುವುದಿಲ್ಲ’ ಎಂದು ಬರೆದು, ಚೇರ್ಮನ್ ಎಂದು ಸಹಿ ಮಾಡಿ, ತಮ್ಮದೇ ಅಂಚೆ ಚೀಟಿ ಹಚ್ಚಿ ಮಸ್ಕತ್ತಿಗೆ ಕಳಿಸಿದರು. ಅಷ್ಟರಲ್ಲಿ ಮದುವೆಯಾಗಿ ಎರಡು ತಿಂಗಳಾಗಿತ್ತು.

ಕುಸುಮಾಳಿಗೆ ಮೊದಲನೆಯದು ನಿಲ್ಲಲಿಲ್ಲ. ಎರಡನೆಯದು ಗಟ್ಟಿಯಾಗಲಿ ಎಂದು ಪಾಲಮ್ಮ ಮೈಲಾರಲಿಂಗನಿಗೆ ಹರಕೆ ಹೊತ್ತಳು: ಮಗುವಿನ ಮೊದಲ ಕೂದಲು ನಿನಗೇ, ಮೂರನೇ ವರ್ಷ ತುಂಬುವುದರೊಳಗೆ ನಿನ್ನ ಮುಂದೆಯೇ ಜವಳ ತೆಗೆಸುತ್ತೇನೆ, ಅಲ್ಲಿಯವರೆಗೆ ಕತ್ತರಿ ಸೋಂಕುವುದಿಲ್ಲ. ಮಗು ಹುಟ್ಟಿತು. ಗಂಡು. ಹೆಸರು ಮಾಲತೇಶ. ಜಂಬಕ್ಕ ಪತ್ರದ ಆ ಸಾಲನ್ನು ಸ್ವಲ್ಪ ಜೋರಾಗಿಯೇ ಓದಿದಳು. ಪಾಲಮ್ಮ ಭಂಡಾರದ ಅರಿಸಿನ ಮೆತ್ತಿದ ಕೈಯಿಂದಲೇ ಅವಳ ಬಾಯಿ ಮುಚ್ಚಿದಳು.

“ಒದರಬ್ಯಾಡ. ಹೆಣ್ಣು ಅನ್ನು.”

“ಯಾಕಬೇ?”

“ಒಂದು ಹೋಗೈತಿ. ಗಂಡು ಅಂದ್ರ ಊರ ಕಣ್ಣೆಲ್ಲ ಅದರ ಮ್ಯಾಲ ಬೀಳ್ತಾವು. ಜವಳ ಆಗೋತನ ಅದು ಹೆಣ್ಣು. ಗಂಗಿ ಅಂತ ಹೇಳು.”

ನಮ್ಮ ಕಡೆ ಇದೇನೂ ಹೊಸದಲ್ಲ. ಒಂದು ಮಗುವನ್ನು ಕಳೆದುಕೊಂಡ ಮನೆಯಲ್ಲಿ ಗಂಡು ಹುಟ್ಟಿದರೆ ಜವಳದವರೆಗೆ ಹೆಣ್ಣಿನಂತೆ ಬೆಳೆಸುವುದುಂಟು. ಜವಳಕ್ಕೆ ಮೊದಲು ಆ ಕೂದಲಿಗೆ ಮೊಗ್ಗಿನ ಜಡೆ ಹೆಣೆದು ಫೋಟೋ ತೆಗೆಸುವುದುಂಟು. ಆದರೆ ಆ ಮಕ್ಕಳು ಓಣಿಯಲ್ಲೇ ಬೆಳೆಯುವುದರಿಂದ ನಾಲ್ಕು ಮನೆಗೆ ನಿಜ ಗೊತ್ತಿರುತ್ತದೆ. ಈ ಮಗು ಸಮುದ್ರದಾಚೆ ಬೆಳೆಯಿತು. ನಿಜ ಗೊತ್ತಿದ್ದದ್ದು ತಾಯಿ ಮಗಳು ಇಬ್ಬರಿಗೇ. ಊರಿಗೆಲ್ಲ ಅದು ಗಂಗಿ, ಮೈಲಪ್ಪನ ಮಗಳು.

ಎಂಬತ್ತಮೂರರಲ್ಲಿ ಮಗುವಿಗೆ ಮೂರನೇ ವರ್ಷ ನಡೆಯುತ್ತಿದ್ದಾಗ ತೊಡಕು ಬಂತು. ಕುಸುಮಾಳ ಆಸ್ಪತ್ರೆಯ ಕೆಲಸ ಮುಗಿಯುವುದಿತ್ತು. ಮುಗಿದ ಮೇಲೆ ಅವಳು ಆ ದೇಶದಲ್ಲಿ ಇರುವಂತಿಲ್ಲ. ಮೈಲಪ್ಪನಿಗೆ ಫಾರ್ಮಿನವರು ಇನ್ನೂ ಒಂದು ವರ್ಷ ರಜೆ ಕೊಡುವಂತಿಲ್ಲ. ಹಾಗಾಗಿ ಅವಳೇ ಮಗುವನ್ನು ಕರೆದುಕೊಂಡು ನಮ್ಮೂರಿಗೆ ಬಂದು, ಜವಳ ಮುಗಿಸಿ, ಅತ್ತೆಯ ಹತ್ತಿರ ಇರುವುದೆಂದಾಯಿತು. ಆದರೆ ಮಗುವಿನ ಹೆಸರು ಇದ್ದದ್ದು ಅಪ್ಪನ ಪಾಸ್‌ಪೋರ್ಟಿನ ಒಳಗೆ. ಅಪ್ಪನ ಪುಸ್ತಕದಲ್ಲಿರುವ ಮಗು ಅಪ್ಪನ ಜೊತೆಗೇ ವಿಮಾನ ಹತ್ತಬೇಕು. ಅವ್ವನ ಪುಸ್ತಕವೋ ಲಂಕೆಯದು, ಅದರಲ್ಲಿ ಭಾರತದ ಮಗುವನ್ನು ಬರೆಯುವಂತಿಲ್ಲ. ಮಗುವಿಗೆ ಅದರದೇ ಪಾಸ್‌ಪೋರ್ಟು ಬೇಕು. ಸಿಗದಿದ್ದರೆ ಕುಸುಮಾ ಒಬ್ಬಳೇ ಕೊಲಂಬೋದ ವಿಮಾನ ಹತ್ತಬೇಕು, ಮಗು ಕುರಿಗಳ ನಡುವೆ ಅಪ್ಪನ ಹತ್ತಿರ ಉಳಿಯಬೇಕು.

ಮೈಲಪ್ಪ ಹೆದರಲಿಲ್ಲ. ಅಲ್ಲಿನ ನಮ್ಮವರ ಅರ್ಜಿಗಳನ್ನೆಲ್ಲ ಬರೆದುಕೊಡುತ್ತಿದ್ದವನು ಅವನೇ. ಕೊಟ್ರಬಸಪ್ಪನವರ ಕಟ್ಟೆಯ ಗಾಳಿ ಅವನಿಗೂ ಸ್ವಲ್ಪ ಬಡಿದಿತ್ತು. ಅರ್ಜಿಯಲ್ಲಿ ಗಂಡು ಎಂದು ಬರೆದ, ಹೆಸರು ಮಾಲತೇಶ ಎಂದು ಬರೆದ, ಫೋಟೋ ಅಂಟಿಸಿದ. ಆ ಫೋಟೋದಲ್ಲಿ ಇತ್ತು ಎಡವಟ್ಟು.

ಮೊಗ್ಗಿನ ಜಡೆಯ ಫೋಟೋ ಬೇಕೆಂದು ಪಾಲಮ್ಮ ಪತ್ರದಲ್ಲಿ ಬರೆಸಿದ್ದಳು. ಮಸ್ಕತ್ತಿನಲ್ಲಿ ಹಡಗಲಿ ಮಲ್ಲಿಗೆ ಎಲ್ಲಿಂದ ಬರಬೇಕು? ಕುಸುಮಾ ಆಸ್ಪತ್ರೆಯ ಹತ್ತಿಯನ್ನು ಸಣ್ಣಗೆ ಹೊಸೆದು, ಪಟ್ಟಿಯ ದಾರದಲ್ಲಿ ಕಟ್ಟಿ, ಸಾಲುಸಾಲಾಗಿ ಮೊಗ್ಗು ಮಾಡಿದಳು. ಕೈ ನರ್ಸಿನದು, ಒಂದು ಮೊಗ್ಗೂ ಸೊಟ್ಟಗಿರಲಿಲ್ಲ. ಪರಕಾರ ಉಡಿಸಿ, ಕಾಡಿಗೆ ಹಚ್ಚಿ, ಸ್ಟುಡಿಯೋದಲ್ಲಿ ಕನ್ನಡಿಯ ಮುಂದೆ ನಿಲ್ಲಿಸಿ ಫೋಟೋ ತೆಗೆಸಿದರು. ಒಂದು ಪ್ರತಿ ಪಾಲಮ್ಮನಿಗೆ ಹೋಯಿತು. ಅದೇ ಫೋಟೋದ ಮುಖದ ಭಾಗವನ್ನಷ್ಟೇ ತೆಗೆಸಿ ಮೈಲಪ್ಪ ಅರ್ಜಿಗೆ ಅಂಟಿಸಿದ. ಮುಖ ಮುಖವೇ ತಾನೆ ಎಂಬುದು ಅವನ ಲೆಕ್ಕ.

ಅಲ್ಲಿನ ನಮ್ಮ ದೇಶದ ಕಚೇರಿಯ ಅಧಿಕಾರಿ ಒಳ್ಳೆಯವರು, ನಿಧಾನದವರು. ಅರ್ಜಿ ನೋಡಿದರು, ಫೋಟೋ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಗಂಡು ಎಂದು ಬರೆದಿದೆ, ಫೋಟೋದಲ್ಲಿ ಹೆಣ್ಣು ಇದೆ. ಬೇರೆ ಯಾರದೋ ಮಗಳನ್ನು ತನ್ನ ಮಗನ ಹೆಸರಲ್ಲಿ ಕಳಿಸುತ್ತಿದ್ದಾನೋ ಹೇಗೆ? ಮೈಲಪ್ಪ ಮರುದಿನ ಮಗುವನ್ನೇ ಎತ್ತಿಕೊಂಡು ಹೋಗಿ ಅವರ ಮೇಜಿನ ಮೇಲೆ ನಿಲ್ಲಿಸಿದ. ಮಾಲತೇಶ ಅತ್ತಿತ್ತ ನೋಡಿ, ಯಾರೂ ಕೇಳುವ ಮೊದಲೇ, ಮೇಜಿನ ಗಾಜಿನ ಮೇಲೆ ತನ್ನ ಪುರಾವೆಯನ್ನು ತಾನೇ ಒದಗಿಸಿದ. ಅಧಿಕಾರಿ ಕುರ್ಚಿ ಹಿಂದೆ ಸರಿಸಿದರು, ಫೈಲು ಎತ್ತಿ ಹಿಡಿದರು, ನಕ್ಕರು. ಆದರೂ ಅಂದರು: “ನಾನು ನೋಡಿದೆ, ಸರಿ. ಫೈಲು ನೋಡಿಲ್ಲ.” ತಂದೆ ಒಂದು ದೇಶ, ತಾಯಿ ಒಂದು ದೇಶ, ಮಗು ಹುಟ್ಟಿದ್ದು ಮೂರನೇ ದೇಶ. ಹೇಗೂ ತಂದೆಯ ಊರಿಗೆ ವಿಚಾರಣೆಗೆ ಹೋಗಬೇಕಾದ ಕಾಗದ. ಮೈಲಪ್ಪನಿಗೆ ಮಕ್ಕಳೆಷ್ಟು, ಗಂಡೋ ಹೆಣ್ಣೋ ಎಂಬುದನ್ನೂ ಅದರಲ್ಲೇ ಕೇಳಿದರು.

ಹೀಗೆ ಒಂದು ದಿನ ಠಾಣೆಯಿಂದ ಪೇದೆ ಓಬಳೇಶಪ್ಪ ಸೈಕಲ್ಲು ತುಳಿಯುತ್ತ ನಮ್ಮೂರಿಗೆ ಬಂದ.

“ಮೈಲಪ್ಪ ಅಂಬೋರ ಮನಿ ಎಲ್ಲೈತ್ರಿ?”

“ಮನಿ ಯಾಕ್ರಿ? ಹೇಳೋ ಮನುಷ್ಯಾ ಇಲ್ಲೇ ಅದೀನಲ್ಲ. ಬರ್ರಿ, ಕುಂದರ್ರಿ” ಎಂದರು ಕೊಟ್ರಬಸಪ್ಪನವರು. “ಲೇ ಹಂಪಿ, ಮಂಡಕ್ಕಿ ಮೆಣಸಿನಕಾಯಿ ತಗೊಂಬಾ, ಸಾಹೇಬ್ರು ಬಂದಾರ” ಎಂದು ಒಳಗಿದ್ದ ಹೆಂಡತಿ ಹಂಪಮ್ಮನವರನ್ನು ಕೂಗಿದರು.

ಸಾಹೇಬ ಎನಿಸಿಕೊಂಡ ಪೇದೆ ಟೋಪಿ ತೆಗೆದು ಕುಳಿತ. ಮಂಡಕ್ಕಿ ಬಂತು. ವಿಚಾರಣೆ ಶುರುವಾಯಿತು.

“ಮೈಲಪ್ಪ ಇದ ಊರಿನವನೇನ್ರಿ?”

“ಇದ ಊರಿನವನು. ಅವನಪ್ಪ, ಅವನಜ್ಜ, ಅವ್ರ ಟಗರು, ಎಲ್ಲಾ ಇದ ಊರಿನವು. ಬರಕೊಳ್ರಿ.”

“ಹೆಂಡ್ತಿ?”

“ಲಂಕಾದಾಕಿ. ಊರಿನ ಆಕ್ಷೇಪಣೆ ಇಲ್ಲ. ನಾನ ಕೊಟ್ಟೀನಿ ಸರ್ಟಿಫಿಕೇಟು.”

“ಮಕ್ಕಳೆಷ್ಟ್ರಿ?”

“ಒಂದ. ಹೆಣ್ಣು. ಗಂಗಿ ಅಂತ.”

ಓಬಳೇಶಪ್ಪ ಕಾಗದ ತಿರುವಿದ. “ಇದರಾಗ ಗಂಡು ಅಂತ ಐತಲ್ರಿ?”

“ಮಸ್ಕತ್ತಿನಾಗ ಕುಂತೋರಿಗೆ ನಮ್ಮೂರ ವಿಷಯ ಏನ್ ಗೊತ್ತಾಗ್ತೈತ್ರಿ? ತಪ್ಪು ಬರದಾರ. ತಿದ್ದಿ ಕಳಸ್ರಿ.”

ಅಂದು ಪಾಲಮ್ಮ ಕುರಿ ಹೊಡೆದುಕೊಂಡು ಹೋಗಿದ್ದಳು, ಜಂಬಕ್ಕ ಮಲ್ಲಿಗೆ ಮಾರಲು ಹಡಗಲಿಗೆ ಹೋಗಿದ್ದಳು. ಗಾದಿಲಿಂಗಪ್ಪನೇ ಅವರ ಮನೆಗೆ ಹೋಗಿ, ಗೂಟಕ್ಕೆ ತೂಗಿದ್ದ ಫೋಟೋ ಬಿಚ್ಚಿ ತಂದ. ಪರಕಾರ, ಕಾಡಿಗೆ, ಕನ್ನಡಿಯಲ್ಲಿ ಜಡೆ. ಪೇದೆಯ ಕಾಗದದಲ್ಲಿದ್ದ ಮುಖವೂ ಇದೇ ಮುಖ. ಸೇರಿದ್ದವರೆಲ್ಲ ಒಂದೇ ಬಾಯಿಂದ ಹೆಣ್ಣು ಎಂದರು. ಕೊಟ್ರಬಸಪ್ಪನವರು ಟೋಪಿ ಸರಿಮಾಡಿಕೊಂಡು ಸಹಿ ಬಿಟ್ಟರು. ಚೇರ್ಮನ್.

ಸಂಜೆ ಪಾಲಮ್ಮ ಅಗಸಿಯಲ್ಲಿ ಬರುತ್ತಿದ್ದಂತೆ ಕಟ್ಟೆಯಿಂದಲೇ ಕೂಗಿದರು: “ಪಾಲಕ್ಕಾ, ನಿನ್ನ ಮೊಮ್ಮಗಳ ಕೆಲಸ ಒಂದ ಕುಂದ್ರಿಕಿಗೆ ಮುಗಿಸಿಬಿಟ್ನಿ. ಪೊಲೀಸ್ರು ಬಂದಿದ್ರು. ಹೆಣ್ಣು ಅಂತ ಬರಸೀನಿ.”

ಪಾಲಮ್ಮ ಮನೆಗೆ ಬಂದು ಜಂಬಕ್ಕನಿಗೆ ಹೇಳಿದಳು. ಅವಳ ಮುಖದಲ್ಲಿ ನಗು. “ನೋಡು, ಸರ್ಕಾರದ ಬುಕ್ಕಿನ್ಯಾಗೂ ಹೆಣ್ಣು ಅಂತ ಬಂತು. ಇನ್ನ ಯಾರ ಕಣ್ಣೂ ತಾಗಂಗಿಲ್ಲ.”

ಜಂಬಕ್ಕನಿಗೆ ಇದು ಸರಿಯೆನಿಸಲಿಲ್ಲ. ಆದರೂ ಅವ್ವ ನಗುವುದನ್ನು ನೋಡಿ ಮರುದಿನದ ಮಲ್ಲಿಗೆ ಕಟ್ಟಲು ಕುಳಿತಳು.

ಮೈಲಪ್ಪನ ಪತ್ರ ಬಂದಾಗ ಯಾರಿಗೂ ಸುಮ್ಮನಿರಲು ಆಗಲಿಲ್ಲ. ಊರಿನ ವರದಿ ಕಚೇರಿಗೆ ಬಂದಿತ್ತು. ಮೈಲಪ್ಪನಿಗೆ ಒಂದೇ ಮಗು, ಅದು ಹೆಣ್ಣು, ಚೇರ್ಮನ್ನರ ಸಹಿ ಇದೆ. ಈಗ ಅಧಿಕಾರಿಯ ಪ್ರಶ್ನೆ ಬೇರೆಯಾಗಿತ್ತು: ಹಾಗಾದರೆ ಅಂದು ನನ್ನ ಮೇಜಿನ ಮೇಲೆ ನಿಂತಿದ್ದ ಗಂಡು ಮಗು ಯಾರದು? ಪಾಪ, ಅದು ನ್ಯಾಯವಾದ ಪ್ರಶ್ನೆಯೇ. ಮೈಲಪ್ಪ ಕಾಲು ಹಿಡಿದು ಇನ್ನೊಂದು ವಿಚಾರಣೆಗೆ ಒಪ್ಪಿಸಿದ್ದ. ಕುಸುಮಾ ಹೊರಡಬೇಕಾದ ದಿನ ಹತ್ತಿರ ಬರುತ್ತಿತ್ತು. ‘ಅವಳು ಉಣ್ಣೋದು ಬಿಟ್ಟಾಳ. ರಾತ್ರಿ ಹೊತ್ತು ಕೂಸಿನ ಅಂಗಿ ಹಿಡಕೊಂಡು ಮಲಗ್ತಾಳ, ಬೆಳಗಾಗೋದರಾಗ ಯಾರರ ಒಯ್ತಾರ ಅನ್ನೋಹಂಗ. ಪೊಲೀಸರು ಮತ್ತ ಬರ್ತಾರ. ಈ ಸಲ ನಿಜ ಹೇಳಸು’ ಎಂದು ಬರೆದಿದ್ದ.

“ಹೇಳಿದ್ರ ಕಣ್ಣು ತಾಗ್ತೈತಿ. ಹೇಳದಿದ್ರ ಕೂಸ ಬರಂಗಿಲ್ಲ” ಎಂದಳು ಜಂಬಕ್ಕ. “ನೀನ ಹೇಳಬೇ, ಏನ್ ಮಾಡೋಣು?”

ಪಾಲಮ್ಮ ದೇವರ ಜಗಲಿಯ ಮುಂದೆ ಹೋಗಿ ಕುಳಿತಳು. ದೇವರಿಗೆ ಅವಳು ಮಾತಾಡುವುದು ಮನೆಯವರಿಗೆ ಮಾತಾಡುವಂತೆಯೇ. “ಎಪ್ಪಾ ಮೈಲಾರಲಿಂಗಾ, ನಿನ್ನ ಹತ್ರ ಕರಕೊಂಡು ಬರಾಕಂತನ ಈ ಸುಳ್ಳು ಬಿಡಾಕತ್ತೀನಿ. ಆಮ್ಯಾಲ ನನ್ನ ಅನಬ್ಯಾಡ. ಇನ್ನ ಅದರ ಕಾವಲು ನಿಂದು” ಎಂದು ಹೇಳಿ, ಹಣೆಗೆ ಭಂಡಾರ ಹಚ್ಚಿಕೊಂಡು, ಸೀದಾ ಕಟ್ಟೆಗೆ ನಡೆದಳು.

ಕೊಟ್ರಬಸಪ್ಪನವರು ಪೂರ್ತಿ ಕೇಳಿದರು. ಕೇಳುತ್ತ ಕೇಳುತ್ತ ಅವರ ಟೋಪಿ ತಾನೇ ವಾರೆಯಾಯಿತು.

“ಅಲ್ಲಬೇ ಪಾಲಕ್ಕಾ, ಗಂಡು ಅಂತ ನನಗರ ಒಂದು ಮಾತು ಹೇಳಾಕ ಏನಾಗಿತ್ತು?”

“ನಿನಗ ಹೇಳಿದ್ರ ತಾಲೂಕಿಗೆಲ್ಲ ಹೇಳಿದಂಗ ಅಲ್ಲೇನಪಾ?”

“ಈಗ ನಾನು ಗಂಡು ಅಂತ ಹೇಳಿದ್ರ, ಮೊದಲ ಹೇಳಿದ್ದು ಸುಳ್ಳು ಅಂತಾಗ್ತೈತಿ. ಕೊಟ್ರಬಸಪ್ಪನ ಸಹಿ ಹೊಳ್ಳಿ ಬಂದದ್ದು ಈ ಊರಿನ್ಯಾಗ ಯಾರರ ನೋಡ್ಯಾರೇನು?” ಅವರು ಕಟ್ಟೆಯ ಕಲ್ಲನ್ನು ಬೆರಳಿಂದ ತಟ್ಟುತ್ತ ಯೋಚಿಸಿ ಒಂದು ದಾರಿ ಹುಡುಕಿದರು. “ಹಿಂಗ ಮಾಡು. ಸದ್ಯಕ್ಕ ಹೆಣ್ಣು ಅಂತನ ಪಾಸ್‌ಪೋರ್ಟು ಮಾಡಿಸ್ಲಿ. ಊರಿಗೆ ಬಂದಮ್ಯಾಲ ಗಂಡು ಮಾಡೋಣಂತ.”

ಒಳಗಿನಿಂದ ಹಂಪಮ್ಮನವರ ದನಿ ಬಂತು: “ನಿಮ್ಮ ಸಹಿಲಿಂದ ಗಂಡು ಹೆಣ್ಣು ಅದಲಿ ಬದಲಿ ಆಗಂಗಿದ್ರ ನಾನು ಯಾವಾಗಲೋ ಚೇರ್ಮನ್ ಆಗಿರ್ತಿದ್ನಿ.”

ಪಾಲಮ್ಮ ನಗಲಿಲ್ಲ. “ಕೊಟ್ರಬಸಪ್ಪಾ, ಆ ಹುಡುಗಿ ಅನ್ನ ಬಿಟ್ಟಾಳಂತ” ಎಂದಷ್ಟೇ ಹೇಳಿ ಎದ್ದು ಹೋದಳು.

ನಾಲ್ಕು ದಿನಕ್ಕೆ ಓಬಳೇಶಪ್ಪನ ಸೈಕಲ್ಲು ಮತ್ತೆ ಬಂತು. ಬಿಸಿಲು ಬಹಳವಿದ್ದದ್ದರಿಂದ ವಿಚಾರಣೆ ಪಡಸಾಲೆಯಲ್ಲಿ ನಡೆಯಿತು. ಗಾದಿಲಿಂಗಪ್ಪ ಬಂದ, ಹಿಂದಿನ ಸಲ ಹೆಣ್ಣು ಎಂದವರೆಲ್ಲ ಬಂದು ಬಾಗಿಲಲ್ಲಿ ನಿಂತರು. ಪಾಲಮ್ಮ, ಜಂಬಕ್ಕ ಕಂಬದ ಹತ್ತಿರ ಕುಳಿತರು.

“ಮಗು ಗಂಡ್ರಿ” ಎಂದಳು ಪಾಲಮ್ಮ, ಎಲ್ಲರಿಗೂ ಕೇಳುವಂತೆ. “ಹುಟ್ಟಿದಾಗಿಂದ ಗಂಡ. ಕಣ್ಣು ತಾಗಬಾರದಂತ ನಾನ ಸುಳ್ಳು ಹೇಳಿದ್ನಿ. ಹೆಸರು ಮಾಲತೇಶ.”

ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ಓಬಳೇಶಪ್ಪ ಪೆನ್ನು ಹಿಡಿದುಕೊಂಡೇ ಕುಳಿತ.

“ಅವ್ವಾ, ನಾನೂ ಕೂಡ್ಲಿಗಿ ಕಡೆಯವನ. ಈ ಮೊಗ್ಗಿನ ಜಡಿ, ಈ ಪರಕಾರ, ನನಗ ಗೊತ್ತೈತಿ. ಆದರ ನಮ್ಮ ಮ್ಯಾಲಿನ ಸಾಹೇಬ್ರು ಮದ್ರಾಸಿನವರು, ಮಸ್ಕತ್ತಿನ್ಯಾಗಿರೋರು ಡೆಲ್ಲಿಯವರಂತ. ಗಂಡು ಹುಡುಗಗ ಯಾರು ಜಡಿ ಹಾಕ್ತಾರ ಅಂತ ಕೇಳಿದ್ರ ಏನ್ ತೋರಿಸ್ಲಿ? ಮೊದಲ ವರದಿಗೆ ಚೇರ್ಮನ್ರ ಸಹಿ ಐತಿ. ಅಜ್ಜಿ ಮಾತೊಂದರ ಮ್ಯಾಲ ಅದನ್ನ ಹೊಡದು ಹಾಕಾಕ ಬರಂಗಿಲ್ಲ.” ಅವನು ಕೊಟ್ರಬಸಪ್ಪನವರ ಕಡೆ ತಿರುಗಿದ. “ನೀವೇನಂತೀರ್ರಿ?”

ಕೊಟ್ರಬಸಪ್ಪನವರು ಕೆಮ್ಮಿದರು. “ನಾವು ಕಂಡಿದ್ದು ಫೋಟೋ. ಫೋಟೋದಾಗ ಇದ್ದದ್ದು ಹೆಣ್ಣು. ಫೋಟೋ ನೋಡಿ ಯಾರು ಹೇಳಿದ್ರೂ ಹಂಗ ಹೇಳೋದು.”

“ಹೌದೇನು?” ಎಂದಳು ಪಾಲಮ್ಮ. ಎದ್ದು ನಿಂತು ಗೋಡೆಯ ಕಡೆಗೆ ಕೈ ಮಾಡಿದಳು. “ಹಂಗಾರ ಪೊಲೀಸಪ್ಪಾ, ಆ ಟ್ಯಾಕ್ಟರ್ ಮಗ್ಗುಲದಾಗಿನ ಫೋಟೋ ನೋಡಿ ಹೇಳು. ಗಂಡೋ, ಹೆಣ್ಣೋ?”

ಓಬಳೇಶಪ್ಪ ಎದ್ದು ಹತ್ತಿರ ಹೋಗಿ ನೋಡಿದ. ಪರಕಾರ. ಕನ್ನಡಿ. ಜಡೆ. “ಹೆಣ್ಣವ್ವ. ಚೇರ್ಮನ್ರ ಅಕ್ಕನೋ ತಂಗಿನೋ ಇರಬೇಕು.”

“ಇವರಿಗೆ ಅಕ್ಕನೂ ಇಲ್ಲ, ತಂಗಿನೂ ಇಲ್ಲ. ಆ ಜಡಿ ಮೊಗ್ಗು ಕಟ್ಟಿದಾಕಿ ನಮ್ಮವ್ವ. ದಾರ ಹಿಡಕೊಂಡು ಕುಂತಾಕಿ ನಾನು. ಬಳ್ಳಾರಿಗೆ ಬಂಡಿ ಕಟ್ಟಿಕೊಂಡು ಹೋಗಿ ತಗಸಿದ್ರು. ಹೇಳು ತಮ್ಮಾ ಕೊಟ್ರಬಸಪ್ಪಾ, ಅದು ಯಾರು?”

ಅಡಿಗೆಮನೆಯ ಬಾಗಿಲಲ್ಲಿ ಹಂಪಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು, ಭುಜಗಳು ಮಾತ್ರ ಕುಣಿಯುತ್ತಿದ್ದವು. ಮದುವೆಯಾದ ಹೊಸದರಲ್ಲಿ ಅತ್ತೆ ಹೇಳಿದ್ದ ಈ ವಿಷಯವನ್ನು ಅವರು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಕೊಟ್ರಬಸಪ್ಪನವರು ಮಂತ್ರಿಗಳ ಫೋಟೋ ನೋಡಿದರು, ಟ್ರ್ಯಾಕ್ಟರು ನೋಡಿದರು. ಯಾವುದೂ ನೆರವಿಗೆ ಬರಲಿಲ್ಲ. ಬಾಗಿಲಲ್ಲಿ ಗಾದಿಲಿಂಗಪ್ಪ ಆಗಲೇ ನಗಲು ತಯಾರಾಗಿದ್ದ. ಪಾಲಮ್ಮ ಮಾತ್ರ ನಗುತ್ತಿರಲಿಲ್ಲ. ಅವಳ ಕೈ ಇನ್ನೂ ಗೋಡೆಯ ಕಡೆಗೇ ಇತ್ತು.

ಅದನ್ನು ಅವರು ನೋಡಿದರೆಂದು ಕಾಣುತ್ತದೆ. ಎದ್ದರು. ಸ್ಟೂಲು ಎಳೆದುಕೊಂಡು ಹತ್ತಿ, ಮೊಳೆಯಿಂದ ಫೋಟೋ ಇಳಿಸಿದರು. ಪಂಚೆಯ ಚುಂಗಿನಿಂದ ಧೂಳು ಒರೆಸಿ ಪೇದೆಯ ಮುಂದೆ ಇಟ್ಟರು.

“ನಾನ ರೀ ಅದು.”

ಗಾದಿಲಿಂಗಪ್ಪ ನಕ್ಕೇಬಿಟ್ಟ. ಹಿಂದೆ ನಿಂತವರೂ ನಕ್ಕರು. ಪಡಸಾಲೆಯ ಜಂತೆಯ ಮೇಲಿನ ಗುಬ್ಬಿಗಳು ಹಾರಿಹೋಗುವಂತೆ ನಕ್ಕರು. ಕೊಟ್ರಬಸಪ್ಪನವರು ಕಾದರು. ನಗು ಸ್ವಲ್ಪ ಇಳಿದ ಮೇಲೆ, “ನಗ್ರಿ, ನಗ್ರಿ. ನಿಮಗ್ಯಾರಿಗೂ ಇಷ್ಟು ಚಂದ ಜಡಿ ಹಾಕಿರಲಿಲ್ಲ” ಎಂದರು. ಆಮೇಲೆ ಪೇದೆಗೆ ಕೇಳಿದರು: “ಈ ಫೋಟೋನ ಪುರಾವೆ ಅಂತ ಕಳಿಸಿದ್ರ ನಡೀತೈತೇನ್ರಿ?”

“ಭಾಳ ಛಲೋ ಆಗ್ತೈತ್ರಿ. ಈ ಕಡೆ ಗಂಡು ಹುಡುಗ್ರಿಗೆ ಹಿಂಗ ಮಾಡೋ ಪದ್ಧತಿ ಐತಿ, ಇದ ನೋಡ್ರಿ ಅದಕ್ಕ ಸಾಕ್ಷಿ ಅಂತ ಬರೀತೀನಿ. ಮೊದಲ ಹೇಳಿದ್ದು ತಿಳುವಳಿಕಿ ತಪ್ಪಿ ಅಂತ ನೀವೂ ಬರದು ಕೊಡ್ರಿ. ಫೋಟೋದ ಹಿಂದ ನಿಮ್ಮ ಹೆಸರು, ಸಹಿ.”

ಕೊಟ್ರಬಸಪ್ಪನವರು ಮೊದಲಿನ ಹೇಳಿಕೆ ತಪ್ಪೆಂದು ಒಂದು ಹಾಳೆಯಲ್ಲಿ ಬರೆದು, ಚೌಕಟ್ಟಿನಿಂದ ಫೋಟೋ ಬಿಚ್ಚಿ ಬೋರಲು ಹಾಕಿ, ಬೆನ್ನಿನ ಮೇಲೆ ‘ಇದು ಮೂರನೇ ವರ್ಷದಲ್ಲಿ ಜವಳಕ್ಕೆ ಮೊದಲು ತೆಗೆದ ನನ್ನದೇ ಭಾವಚಿತ್ರ. ನಾನು ಗಂಡಸು’ ಎಂದು ಬರೆದರು. ಟೋಪಿ ಸರಿಮಾಡಿಕೊಂಡರು. ಪೆನ್ನು ಗಾಳಿಯಲ್ಲಿ ಎರಡು ಸುತ್ತು ತಿರುಗಿತು. ತಿರುಗಿ, ನಿಂತಿತು.

“ಇದರಾಗ ಮತ್ತ ಏನರ ಸುಳ್ಳಿದ್ರ ಫೈಲು ಹೊಳ್ಳಿ ಬರ್ತೈತೇನ್ರಿ?”

“ಬರ್ತೈತ್ರಿ. ಬಂದ್ರ ಆ ಹೆಣ್ಮಗಳು ಅಷ್ಟರಾಗ ಒಬ್ಬಾಕಿನ ಹೋಗಿರ್ತಾಳ.”

ಕೊಟ್ರಬಸಪ್ಪನವರು ಪೆನ್ನು ಇಳಿಸಿದರು. ಸಹಿ ಎಂದಿನಂತೆ ಲಾಳಿಯ ಹಾಗೆ ಹಾರಲಿಲ್ಲ, ಕುಂಟುತ್ತ ನಡೆಯಿತು. ಕೊಟ್ರಬಸಪ್ಪ ಎಂದು ಬರೆದು, ಪಕ್ಕದಲ್ಲಿ ಎರಡಕ್ಷರದ ಒಂದು ಪದ ಸೇರಿಸಿ, ಆಮೇಲೆ ಚೇರ್ಮನ್ ಎಂದು ಬರೆದರು. ಗಾದಿಲಿಂಗಪ್ಪ ಕತ್ತು ಚಾಚಿ ನೋಡಿದ. ಅಲ್ಲಿ ‘ಮಾಜಿ’ ಎಂದಿತ್ತು. ಅವನು ಆ ಬಗ್ಗೆ ಅಂದೂ ಮಾತಾಡಲಿಲ್ಲ, ಮುಂದೆಯೂ ಆಡಲಿಲ್ಲ.

ಮಸ್ಕತ್ತಿನ ಅಧಿಕಾರಿ ಆ ಫೋಟೋವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಪಕ್ಕದ ಕೋಣೆಯವರಿಗೂ ತೋರಿಸಿ, ಅದೇ ವಾರ ಪಾಸ್‌ಪೋರ್ಟಿಗೆ ಒಪ್ಪಿಗೆ ಕೊಟ್ಟರಂತೆ. ಈ ಸಲ ಅಂಟಿಸಿದ್ದು ಕೂದಲನ್ನು ಹಿಂದಕ್ಕೆ ಕಟ್ಟಿ, ಅಂಗಿ ತೊಡಿಸಿ ತೆಗೆದ ಫೋಟೋ. ಮಾಲತೇಶ ಅದರಲ್ಲಿ ಯಾರ ಮೇಲೋ ಸಿಟ್ಟು ಮಾಡಿಕೊಂಡ ಸ್ವಾಮಿಯ ಹಾಗೆ ಕಾಣುತ್ತಿದ್ದ.

ಕುಸುಮಾ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಜಾಲಿಗಿಡಗಳ ಹತ್ತಿರ ಬಸ್ಸಿಳಿದಾಗ ಊರೆಲ್ಲ ಅಲ್ಲಿತ್ತು. ಪಾಲಮ್ಮನ ಕಾಲಿಗೆ ಬಿದ್ದು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತನ್ನು ಒಪ್ಪಿಸಿದಳು: “ಅತ್ತೀ, ಉಂಡ್ರ್ಯಾ?” ಪಾಲಮ್ಮ ಅವಳ ಗಲ್ಲ ಹಿಡಿದು, “ನೀನು ಉಂಡ್ಯಾ ಹೇಳು ಮೊದಲ” ಎಂದಳು. ಅದು ಕುಸುಮಾಳಿಗೆ ತಿಳಿಯಲಿಲ್ಲ, ಆದರೂ ತಲೆಯಾಡಿಸಿದಳು. ಆಮೇಲೆ ಅಗಸಿಯ ಕಟ್ಟೆಯ ಮೇಲೆ ಎದ್ದು ನಿಂತಿದ್ದವರನ್ನು ನೋಡಿದ ಕೂಡಲೇ, ಗಂಡ ಹೇಳಿದ್ದ ಟೋಪಿಯಿಂದ ಗುರುತು ಹಿಡಿದು, ತನ್ನ ಹೆಗಲ ಮೇಲಿಂದ ಜಡೆ ಮುಂದಕ್ಕೆ ತಂದು ತೋರಿಸಿ ನಕ್ಕಳು. ಕೊಟ್ರಬಸಪ್ಪನವರೂ ನಕ್ಕರು, ನಗದೆ ಬೇರೆ ದಾರಿ ಇರಲಿಲ್ಲ.

ಮೈಲಾರದಲ್ಲಿ ಜವಳ. ಕ್ಷೌರದವನು ಬಟ್ಟಲಲ್ಲಿ ನೀರು ಹಿಡಿದು ಕುಳಿತ ಮೇಲೆ ಒಂದು ಕೊರತೆ ನೆನಪಾಯಿತು. ಮೊದಲ ಕೂದಲಿಗೆ ಕತ್ತರಿ ಹಾಕಬೇಕಾದವನು ಮಗುವಿನ ಸೋದರಮಾವ, ತಾಯಿಯ ಅಣ್ಣನೋ ತಮ್ಮನೋ. ಕುಸುಮಾಳ ತಮ್ಮ ಲಂಕೆಯಲ್ಲಿದ್ದ. ಯಾರು, ಯಾರು ಎಂದು ಎಲ್ಲರೂ ಮುಖ ನೋಡಿಕೊಳ್ಳುತ್ತಿದ್ದಾಗ ಪಾಲಮ್ಮನೇ ಹೇಳಿದಳು: “ಇದರ ಸಲುವಾಗಿ ಜಡಿ ತೋರಿಸಿದಾವ ಅಲ್ಲೇ ನಿಂತಾನಲ್ಲ. ಆಕಿಗೆ ಅಣ್ಣ ಅಂದ್ರ ಅವನ. ಬಾರಪಾ ಕೊಟ್ರಬಸಪ್ಪಾ.”

ಕೊಟ್ರಬಸಪ್ಪನವರು ಮುಂದೆ ಬಂದರು. ಟೋಪಿ ಸರಿಮಾಡಿಕೊಂಡರು. ಕತ್ತರಿಯನ್ನು ಗಾಳಿಯಲ್ಲಿ ಎರಡು ಸುತ್ತು ತಿರುಗಿಸಿದರು. ಮಾಲತೇಶ ಕಿಟಾರನೆ ಕಿರುಚಿದ. ಕೂದಲ ಎಳೆ ವೀಳ್ಯದೆಲೆಯ ಮೇಲೆ ಬಿತ್ತು. ತಲೆ ಬೋಳಾಗಿ, ಅರಿಸಿನ ಹಚ್ಚಿ, ಬತ್ತಲೆ ಮಗುವನ್ನು ಪಾಲಮ್ಮ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮೂರು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದುದನ್ನು ಒಮ್ಮೆಗೇ ಕೂಗಿದಳು: “ಗಂಡೈತಿ ನೋಡ್ರಲೇ!”

ಮುಂದಿನ ವರ್ಷ ಮೈಲಪ್ಪ ರಜೆಯ ಮೇಲೆ ಬಂದಾಗ, ಅಧಿಕಾರಿ ಮರಳಿ ಕೊಟ್ಟಿದ್ದ ಆ ಹಳೆಯ ಫೋಟೋವನ್ನು ತಂದ. ಫೈಲಿಗೆ ಸೇರಿಸುವಾಗ ಯಾರೋ ಅದರ ಅಂಚಿಗೆ ಎರಡು ತೂತು ಹಾಕಿದ್ದರು. ಒಂದು ತೂತು ಸರಿಯಾಗಿ ಕನ್ನಡಿಯೊಳಗಿನ ಜಡೆಯ ತುದಿಗೆ ಬಿದ್ದಿತ್ತು. ಬೆನ್ನಿನ ಮೇಲೆ ಸಹಿಯ ಪಕ್ಕ ಮಸ್ಕತ್ತಿನ ಕಚೇರಿಯ ದುಂಡು ಮೊಹರು ಇತ್ತು. ಹಂಪಮ್ಮನವರು ಹೊಸ ಚೌಕಟ್ಟು ಹಾಕಿಸೋಣ ಎಂದರು. ಕೊಟ್ರಬಸಪ್ಪನವರು ಬೇಡವೆಂದರು. ಹಳೆಯ ಚೌಕಟ್ಟಿನಲ್ಲೇ ಹಳೆಯ ಮೊಳೆಗೇ ತೂಗುಹಾಕಿದರು, ಆದರೆ ಬೆನ್ನಿನ ಕಡೆ ಹೊರಗೆ ಬರುವಂತೆ.

ಅಲ್ಲಿಂದಾಚೆ ಪಡಸಾಲೆಗೆ ಬಂದವರಿಗೆ ಅವರು ಮೊದಲು ತೋರಿಸುವುದು ಟ್ರ್ಯಾಕ್ಟರಲ್ಲ. “ಇದು ಫಾರಿನ್ನಿಗೆ ಹೋಗಿ ಬಂದ ಸಹಿ” ಎನ್ನುವರು. ‘ಮಾಜಿ’ ಎಂಬ ಪದವನ್ನು ಬೆರಳಿಂದ ಮುಚ್ಚಿಕೊಂಡೇ ಹೇಳುವರು. ಕೇಳಿದವರು ಫೋಟೋ ಯಾರದೆಂದು ಕೇಳಿದರೆ ತಿರುಗಿಸಿಯೂ ತೋರಿಸುವರು.